ಸ್ಕೂಬಾ ಕೋರ್ಸ್ ಮುಗಿದ ಮೇಲೆ ಕೈ ಕುದುರುವುದು ಹೇಗೆ? ದಾವಣಗೆರೆ, ಚಿತ್ರದುರ್ಗದವರಿಗೆ ಮಳೆಗಾಲದ ಪಾಠ

ಜೂನ್ ಬಂತೆಂದರೆ ಮುರ್ಡೇಶ್ವರದ ಡೈವಿಂಗ್ ದೋಣಿಗಳು ದಡ ಸೇರುತ್ತವೆ. ನೇತ್ರಾಣಿ ದ್ವೀಪದ ಸುತ್ತ ಮತ್ತೆ ಇಳಿಯಲು ಆಗುವುದು ಮಳೆ ನಿಂತು, ಅಲೆ ತಗ್ಗಿ, ನೀರು ತಿಳಿಯಾದ ಮೇಲೆ. ಅಂದರೆ ನಡುವೆ ಸುಮಾರು ನಾಲ್ಕು ತಿಂಗಳು ಖಾಲಿ. ನಮ್ಮ ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯಿಂದ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಇಳಿಯುವ ಸ್ಕೂಬಾದ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಮುಗಿಸಿಕೊಂಡು ಬಂದವರಿಗೆ ಈ ತಿಂಗಳುಗಳಲ್ಲಿ ಹುಟ್ಟುವ ಪ್ರಶ್ನೆ ಒಂದೇ: ಮುಂದಿನ ಕೋರ್ಸಿಗೆ ದುಡ್ಡು ಕೂಡಿಡಬೇಕೋ, ಇಲ್ಲ ಕಲಿತದ್ದನ್ನೇ ರೂಢಿ ಮಾಡಿಕೊಂಡರೆ ಸಾಕೋ?

ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ವಿಷಯ ಇದಲ್ಲ. ಸ್ಕೂಬಾದಲ್ಲಿ ಕೆಲವು ಕೆಲಸಗಳು ನೂರು ಸಲ ಮಾಡಿದರಷ್ಟೇ ಮೈಗೆ ಹತ್ತುತ್ತವೆ. ಅವಕ್ಕೆ ಸಮುದ್ರವೇ ಬೇಕಿಲ್ಲ, ಮನೆಯ ಬಚ್ಚಲು ಮತ್ತು ಊರಿನ ಈಜುಕೊಳ ಸಾಕು. ಇನ್ನು ಕೆಲವನ್ನು ಕಲಿಸುವವರು ಪಕ್ಕದಲ್ಲಿಲ್ಲದೆ ಒಂದೇ ಒಂದು ಸಲವೂ ಮಾಡಬಾರದು. ಯಾವುದು ಯಾವ ಗುಂಪಿಗೆ ಸೇರುತ್ತದೆ ಎಂದು ಬೇರ್ಪಡಿಸಿಕೊಂಡರೆ ಮಳೆಗಾಲವೂ ವ್ಯರ್ಥವಾಗುವುದಿಲ್ಲ, ದುಡ್ಡೂ ಪೋಲಾಗುವುದಿಲ್ಲ.

ಕೋರ್ಸ್ ಏನು ಕೊಡುತ್ತದೆ ಎಂಬುದನ್ನು ಮೊದಲು ನೋಡೋಣ. ಡೈವರ್‌ಗಳಿಗೆ ಪ್ರಮಾಣಪತ್ರ ಕೊಡುವ ಪ್ಯಾಡಿ ಸಂಸ್ಥೆಯ ಓಪನ್ ವಾಟರ್ ಎಂದರೆ ಈಜುಕೊಳದಂಥ ಜಾಗದಲ್ಲಿ 5 ಪಾಠ, ಸಮುದ್ರದಲ್ಲಿ 4 ಡೈವ್, ಜೊತೆಗೆ 200 ಮೀಟರ್ ಈಜು ಮತ್ತು 10 ನಿಮಿಷ ತೇಲುವ ಪರೀಕ್ಷೆ. ಮುಗಿಸಿದವರಿಗೆ ಜೊತೆಗಾರನೊಂದಿಗೆ 18 ಮೀಟರ್ ಆಳದವರೆಗೆ ಇಳಿಯುವ ಅರ್ಹತೆ ಸಿಗುತ್ತದೆ. ಇದೆಲ್ಲ ಸಾಮಾನ್ಯವಾಗಿ ಮೂರು ನಾಲ್ಕು ದಿನದಲ್ಲಿ ಮುಗಿಯುತ್ತದೆ. ಅಷ್ಟರಲ್ಲಿ ಒಬ್ಬರು ಮಾಸ್ಕ್ ಪೂರ್ತಿ ಬಿಚ್ಚಿ ಹಾಕಿಕೊಳ್ಳುವುದನ್ನು ಮಾಡಿರುವುದು ಹೆಚ್ಚೆಂದರೆ ನಾಲ್ಕೈದು ಸಲ. ನಾಲ್ಕೈದು ಸಲ ಮಾಡಿದ್ದು ತಲೆಯಲ್ಲಿ ಉಳಿಯುತ್ತದೆ, ಕೈಯಲ್ಲಿ ಉಳಿಯುವುದಿಲ್ಲ. ಆರು ತಿಂಗಳು ಬಿಟ್ಟು 12 ಮೀಟರ್ ಆಳದಲ್ಲಿ ಯಾರದೋ ಫಿನ್ (ಪಾದಕ್ಕೆ ಹಾಕುವ ರೆಕ್ಕೆ) ತಾಗಿ ಮಾಸ್ಕ್ ಕಳಚಿದಾಗ ಬೇಕಾಗುವುದು ಕೈಯ ನೆನಪು.

ಹಾಗೆಂದು ಕೋರ್ಸನ್ನು ಹಗುರ ಮಾಡಿ ನೋಡಬಾರದು. ಅಲ್ಲಿ ನಿಮ್ಮನ್ನು ಹೊರಗಿನಿಂದ ನೋಡುವ ಎರಡು ಕಣ್ಣುಗಳಿರುತ್ತವೆ. ನೀರಿನೊಳಗೆ ತಾನು ಅಡ್ಡಡ್ಡಲಾಗಿ, ಮೀನಿನಂತೆ ಇದ್ದೇನೆ ಎಂದು ಅಂದುಕೊಂಡವರು ನಿಜಕ್ಕೂ ಕಾಲು ಕೆಳಗೆ ಜೋಲುಬಿಟ್ಟುಕೊಂಡು ಕುದುರೆ ಸವಾರಿಯಲ್ಲಿರುತ್ತಾರೆ. ತಪ್ಪು ಭಂಗಿಯನ್ನು ಸಾವಿರ ಸಲ ರೂಢಿ ಮಾಡಿದರೆ ತಪ್ಪೇ ಗಟ್ಟಿಯಾಗುತ್ತದೆ. ಇನ್‌ಸ್ಟ್ರಕ್ಟರ್ ಇಲ್ಲದೆ ಅಭ್ಯಾಸ ಮಾಡುವಾಗ ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವುದು ಮೊಬೈಲ್ ವಿಡಿಯೋ. ನೀರು ನುಗ್ಗದ ಕವರಿನಲ್ಲಿ ಫೋನ್ ಇಟ್ಟು ಸ್ನೇಹಿತರಿಂದ ಪಕ್ಕದಿಂದ ಅರ್ಧ ನಿಮಿಷ ತೆಗೆಸಿಕೊಳ್ಳಿ. ಹೆಗಲು, ಸೊಂಟ, ಮೊಣಕಾಲು ಒಂದೇ ಗೆರೆಯಲ್ಲಿವೆಯೇ ಎಂಬುದು ಅಲ್ಲೇ ಕಾಣುತ್ತದೆ.

ಬಾವಿ ಈಜಿನವರ ಒಂದು ಅಭ್ಯಾಸ

ನಮ್ಮ ಸೀಮೆಯಲ್ಲಿ ಈಜು ಬರುವವರಲ್ಲಿ ಬಹಳ ಮಂದಿ ಕಲಿತದ್ದು ತೋಟದ ಬಾವಿಯಲ್ಲಿ, ಬೆನ್ನಿಗೆ ಸೋರೆಬುರುಡೆಯನ್ನೋ ಖಾಲಿ ಪ್ಲಾಸ್ಟಿಕ್ ಕ್ಯಾನನ್ನೋ ಕಟ್ಟಿಕೊಂಡು. ಇಲ್ಲವೇ ಭದ್ರಾ ನಾಲೆಯಲ್ಲಿ. ಇವರಿಗೆ ನೀರಿನ ಭಯವಿಲ್ಲ, ತೋಳಿನಲ್ಲಿ ಕಸುವಿದೆ. ಸ್ಕೂಬಾಕ್ಕೆ ಇದು ದೊಡ್ಡ ಬಂಡವಾಳ. ಆದರೆ ಬಾವಿ ಕಲಿಸಿದ ಒಂದು ಅಭ್ಯಾಸವನ್ನು ಬೇರುಸಹಿತ ಕೀಳಬೇಕು: ಮುಳುಗುವ ಮುನ್ನ ಎದೆ ತುಂಬ ಉಸಿರು ಎಳೆದು ಹಿಡಿದಿಟ್ಟುಕೊಳ್ಳುವುದು.

ಮೇಲಿನ ಗಾಳಿಯನ್ನು ಎಳೆದುಕೊಂಡು ಬಾವಿಗೆ ಧುಮುಕಿದವರ ಎದೆಯೊಳಗಿನ ಗಾಳಿ ಕೆಳಗೆ ಹೋದಂತೆ ಕುಗ್ಗುತ್ತದೆ, ಮೇಲೆ ಬಂದಂತೆ ಮೊದಲಿನಷ್ಟೇ ಆಗುತ್ತದೆ. ಅಪಾಯವಿಲ್ಲ. ಸಿಲಿಂಡರಿನಿಂದ ಉಸಿರಾಡುವವರು ಆ ಆಳದ ಒತ್ತಡದಲ್ಲೇ ಎದೆ ತುಂಬಿಕೊಳ್ಳುತ್ತಾರೆ. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಒಂದು ಬಾರ್ ಒತ್ತಡ ಏರುತ್ತದೆ: ಮೇಲ್ಮೈಯಲ್ಲಿ 1, 10 ಮೀಟರಿನಲ್ಲಿ 2, 20ರಲ್ಲಿ 3. ಹತ್ತು ಮೀಟರಿನಲ್ಲಿ ತುಂಬಿದ ಎದೆಯನ್ನು ಹಾಗೇ ಬಿಗಿಹಿಡಿದು ಮೇಲೆ ಬಂದರೆ ಒಳಗಿನ ಗಾಳಿ ಎರಡು ಪಟ್ಟು ಹಿಗ್ಗಲು ನೋಡುತ್ತದೆ, ಶ್ವಾಸಕೋಶ ಹರಿಯುತ್ತದೆ. ಇದಕ್ಕೆ ಹತ್ತು ಮೀಟರೂ ಬೇಕಿಲ್ಲ. ಎರಡು ಮೀಟರ್ ಆಳದ ಈಜುಕೊಳದಲ್ಲೂ ಐದನೇ ಒಂದು ಪಾಲು ಹಿಗ್ಗುತ್ತದೆ, ತುಂಬಿದ ಎದೆಗೆ ಅಷ್ಟು ಸಾಕು. ಆದ್ದರಿಂದಲೇ ಸ್ಕೂಬಾದ ಮೊದಲ ನಿಯಮ: ಉಸಿರು ಹಿಡಿಯಬೇಡಿ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಬಾಯಲ್ಲಿಲ್ಲದಾಗ ಸಣ್ಣಗೆ ‘ಆ’ ಎನ್ನುತ್ತ ಗುಳ್ಳೆ ಬಿಡುತ್ತಲೇ ಇರಬೇಕು.

ನೆಲದ ಮೇಲೆ ಇದನ್ನು ರೂಢಿಸುವುದು ಸುಲಭ. ಬೆಳಿಗ್ಗೆ ನಡೆಯುವಾಗ ನಾಲ್ಕು ಹೆಜ್ಜೆಗೆ ಒಳಗೆ, ಆರು ಹೆಜ್ಜೆಗೆ ಹೊರಗೆ, ಎಲ್ಲೂ ತಡೆಯಿಲ್ಲದೆ. ಒಳ ಉಸಿರು ಮುಗಿದ ಗಳಿಗೆಯಲ್ಲಿ ಗಂಟಲು ಮುಚ್ಚಿಕೊಳ್ಳುತ್ತದೆಯೇ ಎಂದು ಗಮನಿಸಿ. ಬಾವಿ ಈಜಿನವರಿಗೆ ಮುಚ್ಚಿಕೊಳ್ಳುತ್ತದೆ. ಎರಡು ವಾರದಲ್ಲಿ ಬಿಡುತ್ತದೆ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ಗಾಳಿ ಉಳಿಸಲು ಉಪಯೋಗವಾದೀತು ಎಂದು ಈಜುಕೊಳದಲ್ಲಿ ಉಸಿರು ಹಿಡಿಯುವ ಪಂದ್ಯ ಕಟ್ಟುವವರಿದ್ದಾರೆ. ಜೋರಾಗಿ ಹತ್ತಿಪ್ಪತ್ತು ಸಲ ಉಸಿರಾಡಿ ಮುಳುಗಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಉಸಿರು ಬೇಕು ಎಂಬ ಚಡಪಡಿಕೆ ಹುಟ್ಟುವುದು ಮುಖ್ಯವಾಗಿ ಅದು ಏರಿದಾಗ. ಹಾಗಾಗಿ ಚಡಪಡಿಕೆ ಬರುವ ಮೊದಲೇ ಆಮ್ಲಜನಕ ಮುಗಿದು ಎಚ್ಚರ ತಪ್ಪುತ್ತದೆ. ಕೈಕಾಲು ಬಡಿಯದೆ, ಸದ್ದಿಲ್ಲದೆ ಮುಳುಗಿಹೋಗುತ್ತಾರೆ. ಸ್ಕೂಬಾಕ್ಕೆ ಈ ಪಂದ್ಯದಿಂದ ಕವಡೆ ಕಾಸಿನ ಲಾಭವಿಲ್ಲ.

ಬಕೆಟ್ಟಿನಿಂದ ಶುರು ಮಾಡಿ

ಹೊಸಬರನ್ನು ಗಾಬರಿಗೊಳಿಸುವುದು ಆಳವೂ ಅಲ್ಲ, ಮೀನೂ ಅಲ್ಲ, ಮೂಗಿಗೆ ತಾಗುವ ನೀರು. ಇದನ್ನು ಪಳಗಿಸಲು ಒಂದು ಸ್ನಾರ್ಕೆಲ್ (ಬಾಯಲ್ಲಿಟ್ಟು ಉಸಿರಾಡುವ ಕೊಳವೆ), 20 ಲೀಟರಿನ ಒಂದು ಬಕೆಟ್ ಸಾಕು. ಬಕೆಟ್ಟನ್ನು ಸ್ಟೂಲಿನ ಮೇಲಿಟ್ಟು ಎದುರಿಗೆ ಕೂತುಕೊಳ್ಳಿ. ಮನೆಯವರೊಬ್ಬರು ಹತ್ತಿರವಿರಲಿ, ಬಾಗಿಲ ಚಿಲಕ ಹಾಕಬೇಡಿ. ಮಾಸ್ಕ್ ಇಲ್ಲದೆ, ಸ್ನಾರ್ಕೆಲ್ ಮಾತ್ರ ಬಾಯಲ್ಲಿಟ್ಟು ಮುಖ ಮುಳುಗಿಸಿ. ಮೊದಲ ಹತ್ತು ಉಸಿರು ಮೂಗನ್ನು ಬೆರಳಿನಿಂದ ಹಿಡಿದುಕೊಂಡು, ಆಮೇಲೆ ಬೆರಳು ಬಿಟ್ಟು. ಒಂದು ನಿಮಿಷ ನಿರಾಳವಾಗಿ ಆಗುವವರೆಗೆ ದಿನವೂ ಮಾಡಿ, ನಂತರ ಮೂರು ನಿಮಿಷಕ್ಕೆ ಏರಿಸಿ.

ಎಡವಟ್ಟಾಗುವುದು ಎರಡು ಕಡೆ. ಒಂದು, ಹಣೆ ಮುಂದಾಗಿ ಮುಳುಗಿಸುವುದು. ಆಗ ಮೂಗಿನ ಹೊಳ್ಳೆ ಮೇಲ್ಮುಖವಾಗಿ ನೀರು ನೇರ ಒಳಗೆ ಇಳಿಯುತ್ತದೆ. ಗದ್ದ ಕೆಳಗೆ, ಹಣೆ ಮೇಲೆ ಇರುವಂತೆ ಮುಳುಗಿಸಿದರೆ ಹೊಳ್ಳೆಯಲ್ಲಿನ ಗಾಳಿ ಸಿಕ್ಕಿಕೊಂಡು ನೀರನ್ನು ತಡೆಯುತ್ತದೆ. ಎರಡು, ಬಾಯಿಂದ ಎಳೆದು ಮೂಗಿನಿಂದ ಬಿಡುವುದು. ಬಿಟ್ಟ ಮೇಲೆ ಮೂಗು ತಾನಾಗಿ ಎಳೆಯಲು ಹೋಗುತ್ತದೆ, ಕೆಮ್ಮು ಬರುತ್ತದೆ. ಬಾಯಿಗೂ ಮೂಗಿಗೂ ನಡುವೆ ಅಂಗುಳದ ಹಿಂಭಾಗದಲ್ಲಿ ಮೆತ್ತನೆಯ ಒಂದು ಕದವಿದೆ. ‘ಮ’ ಎಂದಾಗ ಅದು ತೆರೆಯುತ್ತದೆ, ‘ಕ’ ಎಂದಾಗ ಮುಚ್ಚುತ್ತದೆ. ನಮ್ಮ ವರ್ಣಮಾಲೆಯನ್ನೇ ಮೂಗು ಹಿಡಿದು ಹೇಳಿ ನೋಡಿ: ಕ, ಖ, ಗ, ಘ ಸಲೀಸು, ಙ ಮಾತ್ರ ಹೊರಡುವುದಿಲ್ಲ. ಆ ಕದವನ್ನು ಬೇಕೆಂದಾಗ ಮುಚ್ಚಲು ಬಂದರೆ ಮಾಸ್ಕ್ ಇಲ್ಲದೆ ಉಸಿರಾಡುವುದು ಬಂದಂತೆಯೇ.

ಕಿವಿಯ ಒತ್ತಡ ಬಿಡಿಸಿಕೊಳ್ಳಲೂ ಇದೇ ‘ಕ’ ನೆರವಾಗುತ್ತದೆ. ಮೂಗು ಹಿಡಿದು ಎದೆಯಿಂದ ಊದುವುದು ವಲ್ಸಾಲ್ವಾ ವಿಧಾನ. ಎಲ್ಲರಿಗೂ ಮೊದಲು ಕಲಿಸುವುದು ಅದನ್ನೇ, ಆದರೆ ಅವಸರದಲ್ಲಿ ಬಲ ಹೆಚ್ಚಾಗಿ ಕಿವಿಗೆ ಪೆಟ್ಟಾಗಬಹುದು. ಮೂಗು ಹಿಡಿದು, ಗಂಟಲು ಮುಚ್ಚಿ, ನಾಲಿಗೆಯ ಹಿಂಬದಿಯನ್ನು ‘ಕ’ ಎನ್ನುವಂತೆ ಮೇಲಕ್ಕೆ ಒತ್ತಿದರೆ ಬಾಯಲ್ಲಿನ ಗಾಳಿಯೇ ಕಿವಿಗೆ ಹೋಗುತ್ತದೆ. ಇದು ಫ್ರೆಂಜೆಲ್ ವಿಧಾನ. ಎದೆ ಅಲುಗಬಾರದು. ಕನ್ನಡಿಯ ಮುಂದೆ ನಿಂತು ಮಾಡಿದರೆ ಮೂಗಿನ ಹೊಳ್ಳೆ ಸ್ವಲ್ಪ ಉಬ್ಬುವುದು ಕಾಣುತ್ತದೆ, ಕಿವಿಯಲ್ಲಿ ‘ಟಿಕ್’ ಕೇಳುತ್ತದೆ. ದಿನಕ್ಕೆ ಹತ್ತಿಪ್ಪತ್ತು ಸಲ ಮೆಲ್ಲಗೆ ಸಾಕು. ನೆಗಡಿಯಿದ್ದ ದಿನ ಬೇಡ. ನೀರಿನಲ್ಲಿ ಮೊದಲ ಎರಡು ಮೂರು ಮೀಟರಿನಲ್ಲೇ ಒತ್ತಡದ ವ್ಯತ್ಯಾಸ ಪಾಲಿನಲ್ಲಿ ಹೆಚ್ಚು, ಆದ್ದರಿಂದ ನೋವು ಬರುವ ಮೊದಲೇ, ಪ್ರತಿ ಅರ್ಧ ಮೀಟರಿಗೊಮ್ಮೆ ಬಿಡಿಸಿಕೊಳ್ಳುತ್ತ ಇಳಿಯಿರಿ. ಬಿಡದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಆಗಲೂ ಬಿಡದಿದ್ದರೆ ಆ ದಿನದ ಡೈವ್ ಅಲ್ಲಿಗೇ ಮುಗಿಯಿತು.

ಈಜುಕೊಳದಲ್ಲಿ ಏನು, ಎಷ್ಟು

ಎದೆಮಟ್ಟದ ನೀರಿನಲ್ಲಿ, ಮಾಸ್ಕ್ ಫಿನ್ ಸ್ನಾರ್ಕೆಲ್ ಇಷ್ಟೇ ಇಟ್ಟುಕೊಂಡು ವಾರಕ್ಕೆ ಎರಡು ದಿನ, ಒಂದೊಂದು ಗಂಟೆ. ಕೊಳದವರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಫಿನ್ ಹಾಕಿದವರನ್ನು ಜನಸಂದಣಿಯ ಹೊತ್ತಿನಲ್ಲಿ ಬಿಡುವುದಿಲ್ಲ, ಬಿಡಲೂಬಾರದು. ತಳದ ನೀರು ಹೊರಹೋಗುವ ಜಾಲರಿಯಿಂದ ದೂರವಿರಿ.

ಮಾಸ್ಕ್ ನೀರು ಹೊರಹಾಕುವುದನ್ನು ಹೀಗೆ ಮಾಡಿ. ಮೊಣಕಾಲೂರಿ ಮುಳುಗಿ, ಮಾಸ್ಕಿನ ಮೇಲಂಚನ್ನು ಸ್ವಲ್ಪ ಎತ್ತಿ ಕಣ್ಣಿನ ಮಟ್ಟಕ್ಕೆ ನೀರು ಬಿಡಿ. ಮುಖ ನೇರವಿರಲಿ. ಎರಡು ಬೆರಳಿನಿಂದ ಮೇಲಂಚನ್ನು ಹಣೆಗೆ ಒತ್ತಿ, ಮೂಗಿನಿಂದ ನಿಧಾನವಾಗಿ ಗಾಳಿ ಬಿಡಲು ಶುರು ಮಾಡಿ. ನೀರು ಅರ್ಧಕ್ಕಿಂತ ಇಳಿದ ಮೇಲಷ್ಟೇ ಮುಖ ಮೇಲೆತ್ತಿ. ಗಾಳಿ ಬಿಡುವ ಮೊದಲೇ ಮುಖ ಎತ್ತಿದರೆ ಮಾಸ್ಕಿನ ನೀರೆಲ್ಲ ಮೂಗಿಗೆ ಸುರಿಯುತ್ತದೆ. ಹೊಸಬರು ಕೆಮ್ಮುವುದು ಬಹುಪಾಲು ಇದೇ ಕಾರಣಕ್ಕೆ. ಒಮ್ಮೆಗೇ ‘ಫುಸ್’ ಎಂದು ಸೀನಿದಂತೆ ಬಿಟ್ಟರೆ ಗಾಳಿ ಮೇಲಂಚಿನಿಂದ ತಪ್ಪಿಸಿಕೊಂಡು ನೀರು ಅಲ್ಲೇ ಉಳಿಯುತ್ತದೆ. ಮಾಸ್ಕಿನಲ್ಲಿ ಹಿಡಿಯುವುದು ಒಂದು ಕಾಫಿ ಲೋಟದಷ್ಟು ನೀರು, ತುಂಬಿದ ಎದೆಯಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು ಗಾಳಿಯಿದೆ, ಅವಸರ ಬೇಕಿಲ್ಲ. ಮೀಸೆಯಿರುವವರ ಮಾಸ್ಕ್ ಸೋರುವುದು ಮೂಗಿನ ಕೆಳಗೆ. ಮೀಸೆಯಲ್ಲಿ ಮೂಗಿಗೆ ಹತ್ತಿದ ಅಂಚನ್ನು ಮೂರು ನಾಲ್ಕು ಮಿಲಿಮೀಟರ್ ಕತ್ತರಿಸಿಕೊಂಡರೆ ಮಾಸ್ಕಿನ ರಬ್ಬರಿನ ಅಂಚು ಚರ್ಮಕ್ಕೆ ಕೂರುತ್ತದೆ. ಒಂದು ಸಲಕ್ಕೆ ಹತ್ತು ಬಾರಿ, ನಡುವೆ ವಿರಾಮ, ಮತ್ತೆ ಹತ್ತು. ಹದಿನಾರು ವಾರ ಮಾಡಿದರೆ ಲೆಕ್ಕ ಆರುನೂರು ದಾಟುತ್ತದೆ. ಕೋರ್ಸಿನಲ್ಲಿ ಮಾಡಿದ ನಾಲ್ಕೈದರ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ಕಾಲು ಹೊಡೆತದಲ್ಲಿ ಕಪ್ಪೆ ಹೊಡೆತವನ್ನೇ ಗುರಿಯಾಗಿಸಿಕೊಳ್ಳಿ. ಕತ್ತರಿಯಂತೆ ಮೇಲೆ ಕೆಳಗೆ ಬಡಿದರೆ ನೆಲದ ಮರಳು, ಹೂಳು ಎದ್ದು ಹಿಂದೆ ಬರುವವರಿಗೆ ಏನೂ ಕಾಣದು, ಹವಳಕ್ಕೂ ಪೆಟ್ಟು. ಕಪ್ಪೆ ಹೊಡೆತದ ಮೊದಲ ಪಾಠ ಮಂಚದ ಮೇಲೆ. ಬೋರಲು ಮಲಗಿ, ಮೊಣಕಾಲನ್ನು 90 ಡಿಗ್ರಿ ಮಡಚಿ, ಪಾದವನ್ನು ಹೊರಕ್ಕೆ ತಿರುಗಿಸಿ, ಅಂಗಾಲುಗಳಿಂದ ನೀರನ್ನು ಹಿಂದಕ್ಕೆ ಒತ್ತಿದಂತೆ ಕಾಲು ಕೂಡಿಸಿ, ಅಲ್ಲೇ ಎರಡು ಸೆಕೆಂಡು ಸುಮ್ಮನಿರಿ. ಆ ಸುಮ್ಮನಿರುವ ಎರಡು ಸೆಕೆಂಡಿನಲ್ಲೇ ಜಾರಿಕೊಂಡು ಮುಂದೆ ಹೋಗುವುದು. ನೀರಿನಲ್ಲಿ ಕೈಗಳನ್ನು ಎದೆಯ ಮುಂದೆ ಕಟ್ಟಿಕೊಳ್ಳಿ. ಬಾವಿ ಈಜಿನವರಿಗೆ ಇದು ಕಷ್ಟ, ಕೈ ತಾನಾಗಿ ಆಡುತ್ತದೆ. ಕೈ ಆಡಿದಷ್ಟೂ ಉಸಿರು ಏರುತ್ತದೆ, ಸಿಲಿಂಡರ್ ಬೇಗ ಬರಿದಾಗುತ್ತದೆ. 25 ಮೀಟರಿಗೆ ನಿಮಗೆ ಎಷ್ಟು ಹೊಡೆತ ಬೇಕು ಎಂದು ಎಣಿಸಿ ಬರೆದಿಡಿ. ಮುಂದೆ ಸಮುದ್ರದಲ್ಲಿ ದೂರ ಅಳೆಯಲು ಅದೇ ಅಳತೆಗೋಲು.

ಸಿಲಿಂಡರ್ ಕಟ್ಟಿಕೊಂಡು ಮಾಡುವ ಅಭ್ಯಾಸ ಮಾತ್ರ ನಮ್ಮ ಊರಿನಲ್ಲಿ ಸ್ವಂತಕ್ಕೆ ಬೇಡ. ಎರಡು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ, ಇನ್‌ಸ್ಟ್ರಕ್ಟರ್ ಜೊತೆ ಎರಡು ಗಂಟೆ ಕೊಳದಲ್ಲಿ ಕಳೆದು ಬನ್ನಿ. ಆ ಎರಡು ಗಂಟೆಯನ್ನು ಪೂರ್ತಿ ತೇಲುವಿಕೆಯ ಹಿಡಿತಕ್ಕೇ ಮೀಸಲಿಡಿ. ಕೊಳದಲ್ಲಿ ಇದು ಸಮುದ್ರಕ್ಕಿಂತ ಕಷ್ಟ. 18 ಮೀಟರಿನಿಂದ 17ಕ್ಕೆ ಬಂದರೆ ಒತ್ತಡ 2.8 ಬಾರಿನಿಂದ 2.7ಕ್ಕೆ ಇಳಿಯುತ್ತದೆ, ಬಿಸಿಡಿಯೊಳಗಿನ (ತೇಲುವಿಕೆ ಹೊಂದಿಸಲು ಗಾಳಿ ತುಂಬುವ ಜಾಕೆಟ್) ಗಾಳಿ ಹಿಗ್ಗುವುದು ಶೇ 4ರೊಳಗೆ. ಎರಡು ಮೀಟರಿನಿಂದ ಒಂದಕ್ಕೆ ಬಂದರೆ 1.2ರಿಂದ 1.1, ಅಂದರೆ ಶೇ 9. ಕೊಳದ ಎರಡು ಮೀಟರಿನಲ್ಲಿ ಅಲುಗದೆ ನಿಲ್ಲುವವರಿಗೆ 18 ಮೀಟರ್ ಆಟವಾಡಿದಂತೆ.

ಇದರಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಉಸಿರು ಎಳೆದ ತಕ್ಷಣ ದೇಹ ಮೇಲೇಳುವುದಿಲ್ಲ, ಎರಡು ಮೂರು ಸೆಕೆಂಡು ತಡವಾಗಿ ಏಳುತ್ತದೆ. ಆ ತಡದಲ್ಲಿ ತಾಳ್ಮೆಗೆಟ್ಟು ಬಿಸಿಡಿಗೆ ಗಾಳಿ ತುಂಬುತ್ತಾರೆ. ಆಮೇಲೆ ಉಸಿರಿನ ಎತ್ತುವಿಕೆ, ಬಿಸಿಡಿಯ ಎತ್ತುವಿಕೆ ಎರಡೂ ಸೇರಿ ಮೇಲಕ್ಕೆ ಚಿಮ್ಮುತ್ತಾರೆ. ಗಾಬರಿಯಿಂದ ಗಾಳಿ ಬಿಟ್ಟು ಮುಳುಗುತ್ತಾರೆ. ಬಿಸಿಡಿಗೆ ಗಾಳಿ ತುಂಬುವ ಗುಂಡಿ ಒತ್ತಿದರೆ ಒಂದು ಚಿಟಿಕೆ ಹೊಡೆದಷ್ಟು ಹೊತ್ತು ಮಾತ್ರ, ಆಮೇಲೆ ಎರಡು ಪೂರ್ತಿ ಉಸಿರು ಕಾಯಿರಿ. ಒಂದು ಲೀಟರ್ ಗಾಳಿ ಎಂದರೆ ಒಂದು ಕಿಲೋ ಎತ್ತುವ ಬಲ. ಸಾಧಾರಣ ಉಸಿರಿನ ಏರಿಳಿತದಲ್ಲೇ ಅರ್ಧದಿಂದ ಒಂದು ಕಿಲೋ ಆಡಿಸಬಹುದು, ಗುಂಡಿಗೆ ಕೈ ಹೋಗುವ ಅಗತ್ಯವೇ ಕಡಿಮೆ.

ತೂಕದ ಲೆಕ್ಕವನ್ನೂ ಸರಿಪಡಿಸಿಕೊಳ್ಳಿ. ಬೇಡದ ಸೀಸ ಸೊಂಟಕ್ಕೆ ಬಿಗಿದುಕೊಂಡವರು ಅದನ್ನು ಸರಿದೂಗಿಸಲು ಬಿಸಿಡಿಗೆ ಗಾಳಿ ತುಂಬುತ್ತಾರೆ, ಗಾಳಿ ಹೆಚ್ಚಿದಷ್ಟೂ ಹಿಗ್ಗುವ ಕುಗ್ಗುವ ರಗಳೆ ಹೆಚ್ಚು, ಎದೆ ಮೇಲಾಗಿ ಕಾಲು ಜೋಲುತ್ತದೆ. ಪರೀಕ್ಷೆ ಹೀಗೆ: ಸಿಲಿಂಡರಿನಲ್ಲಿ 50 ಬಾರ್ ಉಳಿದಿರುವಾಗ, ಬಿಸಿಡಿ ಪೂರ್ತಿ ಖಾಲಿ ಮಾಡಿ, ನೆಟ್ಟಗೆ ನಿಂತು, ಸಾಧಾರಣ ಉಸಿರು ಎಳೆದರೆ ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು, ಉಸಿರು ಬಿಟ್ಟರೆ ಮೆಲ್ಲಗೆ ಮುಳುಗಬೇಕು. ತುಂಬಿದ ಸಿಲಿಂಡರಿನಲ್ಲಿ ನೋಡಿದರೆ ಎರಡು ಕಿಲೋ ಸೇರಿಸಿ, ಯಾಕೆಂದರೆ 11.1 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ 200ರಿಂದ 50 ಬಾರಿಗೆ ಇಳಿಯುವಷ್ಟರಲ್ಲಿ ಖರ್ಚಾಗುವ ಗಾಳಿಯ ತೂಕವೇ ಅಷ್ಟು. ಇನ್ನು ಕೊಳದ ಸಿಹಿನೀರಿನ ಲೆಕ್ಕವನ್ನು ನೇತ್ರಾಣಿಗೆ ಹಾಗೇ ಒಯ್ಯಬೇಡಿ. ಸಮುದ್ರದ ನೀರು ಸುಮಾರು ಶೇ 2.5 ಹೆಚ್ಚು ದಟ್ಟ. ನೀವು ಮತ್ತು ನಿಮ್ಮ ಸಾಮಾನು ಸೇರಿ 100 ಕಿಲೋ ಇದ್ದರೆ ಸಮುದ್ರದಲ್ಲಿ 2.5 ಕಿಲೋ ಹೆಚ್ಚು ಬೇಕು. ದಪ್ಪ ಸೂಟ್ ಹಾಕಿದರೆ ಅದರ ಮೇಲೆ ಇನ್ನಷ್ಟು. ಕಾಲು ಕೆಳಗೆ ಜೋಲುವವರು ಒಂದು ಕಿಲೋವನ್ನು ಸೊಂಟದಿಂದ ತೆಗೆದು ಸಿಲಿಂಡರಿನ ಮೇಲಿನ ಪಟ್ಟಿಗೆ ಹಾಕಿ ನೋಡಲಿ.

ಇಲ್ಲಿ ಬೇಡವೇ ಬೇಡ

ಚಿತ್ರದುರ್ಗದ ಕೋಟೆಯ ಹೊಂಡಗಳು, ಸೂಳೆಕೆರೆ, ಮಾರಿಕಣಿವೆ. ನೀರು ಕಂಡಾಗ ಸ್ಕೂಬಾ ಕಲಿತವರಿಗೆ ಆಸೆ ಹುಟ್ಟುವುದು ಸಹಜ. 1933ರ ನಂತರ 2022ರಲ್ಲಿ ಮಾರಿಕಣಿವೆ ಕೋಡಿ ಬಿದ್ದಾಗ ಜಿಲ್ಲೆಯ ಜನವೆಲ್ಲ ಅಲ್ಲಿ ನೆರೆದಿತ್ತು, ಆ ನೀರಿನ ಮೇಲೆ ನಮಗಿರುವ ಪ್ರೀತಿ ಅಂಥದ್ದು. ಆದರೂ ಅಭ್ಯಾಸಕ್ಕೆ ಇವು ಜಾಗವಲ್ಲ. ಅನುಮತಿಯ ಮಾತು ಒಂದು ಕಡೆ ಇರಲಿ. ಕೆರೆಯ ತಳದಲ್ಲಿ ಹೂಳಿದೆ, ಒಂದು ಫಿನ್ ಹೊಡೆತಕ್ಕೆ ಎದ್ದು ನಿಮ್ಮ ಕೈಯೇ ನಿಮಗೆ ಕಾಣದು. ಮೀನಿನ ಬಲೆ, ಮುಳ್ಳುಗಿಡ, ತಂತಿ ಇರುತ್ತವೆ. ಎಲ್ಲಕ್ಕಿಂತ ಭಯಂಕರ ತೂಬು. ತೆರೆದ ತೂಬಿನ ಎರಡು ಬದಿಯ ಒತ್ತಡದ ವ್ಯತ್ಯಾಸ ಎಷ್ಟೆಂದರೆ, ಕೈಯೋ ಕಾಲೋ ಬಾಯಿಗೆ ಸಿಕ್ಕರೆ ನಾಲ್ಕು ಜನ ಹಿಡಿದೆಳೆದರೂ ಬರುವುದಿಲ್ಲ. ಮೇಲಿನಿಂದ ನೋಡಿದರೆ ಅಲ್ಲಿ ಸೆಳೆತವಿದೆ ಎಂಬ ಸುಳಿವೂ ಇರುವುದಿಲ್ಲ. ಪಾಳು ಬಾವಿಗಳಲ್ಲಿ ನೀರಿನ ಮೇಲೇ ಉಸಿರಾಡಲಾಗದ ಗಾಳಿ ತುಂಬಿರಬಹುದು, ಪಂಪಿನ ವೈರು ಇರಬಹುದು.

ಗಾಳಿಯ ವಿಷಯವೂ ಹಾಗೇ. ಬೋರ್‌ವೆಲ್ ಲಾರಿಯ ಕಂಪ್ರೆಸರ್, ಪಂಕ್ಚರ್ ಅಂಗಡಿಯ ಕಂಪ್ರೆಸರ್ ಯಾವುದೂ ಉಸಿರಾಟಕ್ಕಲ್ಲ. ಎಣ್ಣೆಯ ಆವಿ, ಎಂಜಿನ್ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಅದರಲ್ಲಿ ಸೇರಿರಬಹುದು; ಮೇಲೆ ತಲೆನೋವು ತರುವಷ್ಟು ವಿಷ ಆಳದಲ್ಲಿ ಒತ್ತಡದಿಂದ ಹಲವು ಪಟ್ಟಾಗಿ ಎಚ್ಚರ ತಪ್ಪಿಸುತ್ತದೆ. ಆಸ್ಪತ್ರೆಯ ಆಮ್ಲಜನಕ ಶುದ್ಧವಲ್ಲವೇ ಎಂದು ಕೇಳುವವರಿಗೆ: ಶುದ್ಧ ಆಮ್ಲಜನಕ 6 ಮೀಟರಿನ ಕೆಳಗೆ ಮೂರ್ಛೆ ತರಿಸುವ ವಿಷ.

ಇನ್‌ಸ್ಟ್ರಕ್ಟರ್ ಇಲ್ಲದೆ ಮಾಡಬಾರದ ಅಭ್ಯಾಸಗಳಲ್ಲಿ ಮೊದಲನೆಯದು, ಗಾಳಿ ಮುಗಿದಾಗ ಒಂದೇ ಉಸಿರಿನಲ್ಲಿ ಮೇಲೆ ಬರುವುದು. ಕೊಳದಲ್ಲಿ ಒಂದೇ ಆಳದಲ್ಲಿ 9 ಮೀಟರ್ ಅಡ್ಡಕ್ಕೆ ‘ಆ’ ಎನ್ನುತ್ತ ಹೋಗಿ, ಅಷ್ಟೇ. ನೇರ ಮೇಲಕ್ಕೆ ಬೇಡ. 18 ಮೀಟರಿಗಿಂತ ಕೆಳಗಿಳಿಯುವುದು, ರಾತ್ರಿ ಡೈವ್, ಗುಹೆ ಅಥವಾ ಮುಳುಗಿದ ಹಡಗಿನ ಒಳಹೊಗುವುದು, ಪ್ರಜ್ಞೆ ತಪ್ಪಿದವರನ್ನು ಎತ್ತುವುದು ಇವೂ ಅದೇ ಸಾಲಿಗೆ. ತಾನಿರುವ ಜಾಗವನ್ನು ದೋಣಿಯವರಿಗೆ ತೋರಿಸಲು ನೀರಿನಡಿಯಿಂದ ದಾರ ಕಟ್ಟಿದ ಬಣ್ಣದ ಬಲೂನ್ ಬಿಡುವುದನ್ನೂ ಮೊದಲ ನಾಲ್ಕು ಸಲ ಅವರ ಮುಂದೆಯೇ ಮಾಡಿ. ದಾರ ಸಿಕ್ಕಿಕೊಂಡಾಗ ಕೈ ಬಿಡದೆ ಹಿಡಿದುಕೊಂಡವರನ್ನು ಬಲೂನ್ ಮೇಲಕ್ಕೆ ಎಳೆದೊಯ್ಯುತ್ತದೆ. ಸಿಕ್ಕಿತೆಂದರೆ ಬಿಟ್ಟುಬಿಡಿ, ಬಲೂನಿನ ಬೆಲೆ ಸಾವಿರಗಳಲ್ಲಿ ಮುಗಿಯುತ್ತದೆ.

ನೋಟ್‌ಬುಕ್ಕಿನಲ್ಲಿ ಮತ್ತು ಮೈದಾನದಲ್ಲಿ

ಗಾಳಿಯ ಲೆಕ್ಕ ಮಾಡಲು ನೀರೇ ಬೇಡ. ನಿಮ್ಮ ಹಳೆಯ ಡೈವ್ ಒಂದನ್ನು ತೆಗೆದುಕೊಳ್ಳಿ. ಸರಾಸರಿ 10 ಮೀಟರಿನಲ್ಲಿ 30 ನಿಮಿಷ, ಖರ್ಚು 120 ಬಾರ್ ಎಂದುಕೊಳ್ಳೋಣ. 120ನ್ನು 11.1 ಲೀಟರಿನಿಂದ ಗುಣಿಸಿದರೆ 1332 ಲೀಟರ್. 30ರಿಂದ ಭಾಗಿಸಿ, ಅಲ್ಲಿನ ಒತ್ತಡ 2 ಬಾರಿನಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 22 ಲೀಟರ್. ಹೊಸಬರಿಗೆ ಇದು ಸಹಜ. ಕಾಲು ಹೊಡೆತ, ತೂಕ ಸರಿಯಾದಂತೆ 15ರ ಹತ್ತಿರ ಇಳಿಯುತ್ತದೆ. ಉಸಿರು ಕದ್ದು ಇಳಿಸಲು ಹೋಗಬೇಡಿ, ತಲೆನೋವು ಬರುತ್ತದೆ.

ಇನ್ನೊಂದು ಲೆಕ್ಕ ಮಾಡಿ ನೋಡಿ. 18 ಮೀಟರಿನಲ್ಲಿ ಜೊತೆಗಾರನ ಗಾಳಿ ಮುಗಿದು ಇಬ್ಬರೂ ನಿಮ್ಮ ಸಿಲಿಂಡರಿನಿಂದ ಉಸಿರಾಡಬೇಕು. ಗಾಬರಿಯಲ್ಲಿ ಒಬ್ಬೊಬ್ಬರಿಗೆ ನಿಮಿಷಕ್ಕೆ 30 ಲೀಟರ್, ಇಬ್ಬರಿಗೆ 60. ಕೆಳಗೆ ಸಾವರಿಸಿಕೊಳ್ಳಲು ಒಂದು ನಿಮಿಷ: 60 × 2.8, ಅಂದರೆ 168. ನಿಮಿಷಕ್ಕೆ 9 ಮೀಟರಿನಂತೆ ಮೇಲೇರಲು ಎರಡು ನಿಮಿಷ, ಸರಾಸರಿ ಒತ್ತಡ 1.9: 228. ಐದು ಮೀಟರಿನಲ್ಲಿ ಸುರಕ್ಷತೆಗೆಂದು ಮೂರು ನಿಮಿಷದ ನಿಲುಗಡೆ: 60 × 1.5 × 3, ಅಂದರೆ 270. ಒಟ್ಟು 666 ಲೀಟರ್. 11.1ರಿಂದ ಭಾಗಿಸಿದರೆ 60 ಬಾರ್. ಅಂದರೆ ‘50 ಬಾರ್ ಉಳಿದಾಗ ಮೇಲೆ ಬರೋಣ’ ಎಂದು 18 ಮೀಟರಿನಲ್ಲಿ ಕಾದು ಕೂತವರಿಗೆ ನಿಲುಗಡೆ ಮುಗಿಯುವಷ್ಟು ಗಾಳಿ ಇರುವುದಿಲ್ಲ. ಆ ಆಳದಿಂದ 70 ಬಾರಿಗೇ ಏಳಬೇಕು. ಈ ಲೆಕ್ಕವನ್ನು 12, 15, 18 ಮೀಟರಿಗೆ ಒಮ್ಮೆ ನಿಮ್ಮ ಕೈಯಾರೆ ಮಾಡಿ.

ದಿಕ್ಸೂಚಿಗೆ ಹೈಸ್ಕೂಲ್ ಮೈದಾನ ಸಾಕು. ಬೆಳಗಿನ ಆರು ಗಂಟೆಗೆ, ತಲೆಯ ಮೇಲೆ ಟವೆಲ್ ಹೊದ್ದು, ದಿಕ್ಸೂಚಿಯೊಂದೇ ಕಾಣುವಂತೆ ಮಾಡಿಕೊಂಡು 30 ಹೆಜ್ಜೆ ಮುಂದೆ. 90 ಡಿಗ್ರಿ ತಿರುಗಿ 30. ಹೀಗೆ ನಾಲ್ಕು ಸಲ. ಹೊರಟ ಜಾಗದಲ್ಲಿ ಒಂದು ಚಪ್ಪಲಿ ಬಿಟ್ಟಿರಿ. ಎರಡು ಹೆಜ್ಜೆಯೊಳಗೆ ಅದು ಸಿಗುವವರೆಗೆ ಮಾಡಿ. ತಪ್ಪುವುದು ಹೆಚ್ಚಾಗಿ ದಿಕ್ಸೂಚಿಯನ್ನು ದೇಹದ ನಡುಗೆರೆಯಿಂದ ಪಕ್ಕಕ್ಕೆ ಹಿಡಿಯುವುದರಿಂದ, ಇಲ್ಲವೇ ಓರೆಯಾಗಿ ಹಿಡಿದು ಮುಳ್ಳು ಸಿಕ್ಕಿಕೊಳ್ಳುವುದರಿಂದ. ಮೊಬೈಲನ್ನು ಅದರ ಹತ್ತಿರ ತರಬೇಡಿ.

ಮುಂದಿನ ಕೋರ್ಸ್ ಯಾವಾಗ ಎಂದರೆ, ಅಡ್ವಾನ್ಸ್ಡ್ ಕೋರ್ಸನ್ನು ಓಪನ್ ವಾಟರ್ ಮುಗಿದ ಮರುದಿನವೇ ಸೇರಬಹುದು, ನಿಯಮದಲ್ಲಿ ತಡೆಯಿಲ್ಲ. ಅದರಲ್ಲಿರುವುದು ಐದು ಡೈವ್. ಆಳದ್ದು, ದಿಕ್ಕು ಹಿಡಿಯುವುದು ಕಡ್ಡಾಯ, ಉಳಿದ ಮೂರು ನಿಮ್ಮ ಆಯ್ಕೆ. ಅರ್ಹತೆ 30 ಮೀಟರಿಗೆ ಏರುತ್ತದೆ. ನನ್ನ ಅಭಿಪ್ರಾಯದಲ್ಲಿ ಹದಿನೈದು ಇಪ್ಪತ್ತು ಡೈವ್ ಆಗಿ ತೇಲುವಿಕೆ ಹಿಡಿತಕ್ಕೆ ಬಂದ ಮೇಲೆ ಸೇರಿದರೆ ಕೊಟ್ಟ ದುಡ್ಡಿಗೆ ಎರಡು ಪಟ್ಟು ಕಲಿಯುತ್ತೀರಿ. ಮಾಸ್ಕ್ ಜೊತೆ ಗುದ್ದಾಡುತ್ತಿರುವವರ ತಲೆಗೆ 28 ಮೀಟರಿನಲ್ಲಿ ಬೇರೇನೂ ಹತ್ತುವುದಿಲ್ಲ. ದುಡ್ಡು ಕೂಡಿಡುವುದಾದರೆ ರೆಸ್ಕ್ಯೂ ಕೋರ್ಸನ್ನು ಗುರಿಯಾಗಿಸಿಕೊಳ್ಳಿ, ಅಡ್ವಾನ್ಸ್ಡ್ ಅದಕ್ಕೆ ಮೆಟ್ಟಿಲು ಎಂದು ನೋಡಿ. ಜೊತೆಗಾರನ ಗಾಬರಿಯನ್ನು ಕಣ್ಣಿನಲ್ಲೇ ಓದಿ ಮೊದಲೇ ತಡೆಯುವುದನ್ನು ಕಲಿಸುವ ಕೋರ್ಸ್ ಅದು. ಒಂಟಿಯಾಗಿ ರೂಢಿ ಮಾಡಿ ಬರುವ ವಿದ್ಯೆಯಲ್ಲ. ಸೇರುವ ಮೊದಲು ಕೇಳಬೇಕಾದ್ದು ಎರಡು: ಒಬ್ಬ ಇನ್‌ಸ್ಟ್ರಕ್ಟರಿಗೆ ಎಷ್ಟು ಜನ, ಪಾಠವನ್ನು ನೆಲದ ಮೇಲೆ ಮೊಣಕಾಲೂರಿಸಿ ಮಾಡಿಸುತ್ತೀರೋ ತೇಲಿಸಿ ಮಾಡಿಸುತ್ತೀರೋ. ಓಪನ್ ವಾಟರ್‌ನಲ್ಲಿ ಒಬ್ಬರಿಗೆ ಎಂಟು ಜನರವರೆಗೆ ಪ್ಯಾಡಿ ಒಪ್ಪುತ್ತದೆ, ನಾಲ್ಕಕ್ಕಿಂತ ಕಡಿಮೆ ಇರುವ ಕಡೆ ಹೋಗಿ. ತೇಲಿಸಿ ಕಲಿಸುವವರು ಸಿಕ್ಕರೆ ದೂರವಾದರೂ ಅಲ್ಲಿಗೇ.

ಘಟ್ಟ ಹತ್ತುವ ಮೊದಲು

ಅಕ್ಟೋಬರಿನಲ್ಲಿ ಮುರ್ಡೇಶ್ವರಕ್ಕೆ ಹೊರಡುವಾಗ ಕರಾವಳಿಯವರು ಯೋಚಿಸಬೇಕಿಲ್ಲದ ಒಂದು ಸಂಗತಿಯನ್ನು ನಾವು ಯೋಚಿಸಬೇಕು. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ 730ರ ಆಸುಪಾಸು. ಡೈವ್ ಮಾಡಿದವರ ಮೈಯಲ್ಲಿ ಹೆಚ್ಚಿನ ಸಾರಜನಕ ಕರಗಿರುತ್ತದೆ. ಬೇಗ ಎತ್ತರಕ್ಕೆ ಹೋದರೆ ಹೊರಗಿನ ಒತ್ತಡ ತಗ್ಗಿ ಅದು ಗುಳ್ಳೆಯಾಗಬಹುದು. ಡೈವ್ ನಂತರದ ವಿಮಾನಯಾನಕ್ಕೆ, ಡೈವರ್‌ಗಳ ಸುರಕ್ಷತೆಗೆ ದುಡಿಯುವ ಡ್ಯಾನ್ ಸಂಸ್ಥೆ ಹೇಳುವ ಕಾಯುವ ಹೊತ್ತು, ಒಂದೇ ಡೈವ್ ಆದರೆ 12 ಗಂಟೆ, ಹಲವು ಡೈವ್ ಆದರೆ 18. ಆ ಮಾತು ಅನ್ವಯಿಸಲು ಶುರುವಾಗುವುದು ಸುಮಾರು 600 ಮೀಟರಿನಿಂದ. ಹೊನ್ನಾವರದಿಂದ ಘಟ್ಟ ಹತ್ತಿ ಸಾಗರ ಮುಟ್ಟುವಷ್ಟರಲ್ಲೇ ನೀವು ಆ ಎತ್ತರದ ಹತ್ತಿರ ಇರುತ್ತೀರಿ.

ಭಾನುವಾರ ಬೆಳಿಗ್ಗೆ ಎರಡು ಡೈವ್ ಮುಗಿಸಿ, ಊಟ ಮಾಡಿ, ಸೋಮವಾರದ ಕೆಲಸಕ್ಕೆಂದು ರಾತ್ರಿಯೇ ಘಟ್ಟ ಹತ್ತುವುದು ನಮ್ಮ ಕಡೆಯವರ ರೂಢಿ. ಅದನ್ನು ಒಂದು ದಿನ ಹಿಂದಕ್ಕೆ ತನ್ನಿ. ಶುಕ್ರವಾರ ರಾತ್ರಿ ಹೊರಟು ಬಸ್ಸಿನಲ್ಲಿ ನಿದ್ದೆಗೆಟ್ಟು ನೇರ ದೋಣಿ ಹತ್ತುವ ಬದಲು ಶುಕ್ರವಾರ ಸಂಜೆಯೊಳಗೆ ತಲುಪಿ. ಶನಿವಾರ ಬೆಳಿಗ್ಗೆ ಡೈವ್. ಎರಡನೆಯದರಿಂದ ಮಧ್ಯಾಹ್ನ 12ಕ್ಕೆ ಮೇಲೆ ಬಂದರೆ 18 ಗಂಟೆ ತುಂಬುವುದು ಭಾನುವಾರ ಬೆಳಿಗ್ಗೆ ಆರಕ್ಕೆ. ತಿಂಡಿ ತಿಂದು ಎಂಟಕ್ಕೆ ಹೊರಟರೆ ಸಂಜೆಯೊಳಗೆ ಮನೆ. ದಾರಿಯಲ್ಲೋ ಮನೆಗೆ ಬಂದ ಮೇಲೋ ಕೀಲುಗಳಲ್ಲಿ ನೋವು, ಕೈಕಾಲು ಜೋಮು, ಚರ್ಮದ ಮೇಲೆ ಮಚ್ಚೆ, ಲೆಕ್ಕಕ್ಕೆ ಸಿಗದ ಸುಸ್ತು ಕಂಡರೆ ಪ್ರಯಾಣದ ದಣಿವೆಂದು ಮಲಗಿಬಿಡಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ ಆಮ್ಲಜನಕ ಕೊಡಿಸಿಕೊಳ್ಳಿ. ಯಾವಾಗ, ಎಷ್ಟು ಆಳಕ್ಕೆ, ಎಷ್ಟು ಹೊತ್ತು ಇಳಿದಿದ್ದಿರಿ ಎಂಬುದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ, ಡೈವ್ ಕಂಪ್ಯೂಟರನ್ನೂ ಜೊತೆಗೆ ಒಯ್ಯಿರಿ.